ಬೆಲ್ ಆದಮೇಲಿನ ಏಳು ಅಕ್ಷರ

ಹರಿದ ಅಂಗಿಗೆ ಹಾಕುವಂತೆ ಸತ್ತ ಹೃದಯಕ್ಕೂ ತೇಪೆ ಹಾಕಬಹುದಾದ ಕಾಲ ಬಂದಾಗ, ಅರಸೀಕೆರೆಯಲ್ಲಿ ಮೊದಲ ತೇಪೆ ಬಿದ್ದದ್ದು ಟೈಪಿಂಗ್ ಮೇಷ್ಟ್ರು ಷಡಕ್ಷರಪ್ಪನವರಿಗೆ. ಹೆಸರು ಆರಕ್ಷರ ಎನ್ನುತ್ತದೆ, ಎಣಿಸಿದರೆ ಐದೇ. ಆ ಆರನೆಯದು ಎಲ್ಲಿ ಹೋಯಿತು ಎಂದು ಮೂವತ್ತು ವರ್ಷ ಹುಡುಗರು ಕೇಳಿದ್ದರು. "ಬೆರಳಲ್ಲಿದೆ ಕಣ್ರೋ" ಎಂದು ಮೂವತ್ತು ವರ್ಷವೂ ಅವರು ಅದೇ ಉತ್ತರ ಕೊಟ್ಟಿದ್ದರು.

ಹೃದಯಾಘಾತ ಹೃದಯಾಘಾತದ ಹಾಗೆ ಬಂದಿದ್ದರೆ ತೇಪೆಯ ಅಗತ್ಯವೇ ಬೀಳುತ್ತಿರಲಿಲ್ಲ. ಅದು ನಮ್ಮ ಕಡೆ ಯಾವತ್ತೂ ಗ್ಯಾಸ್ಟ್ರಿಕ್ ವೇಷದಲ್ಲೇ ಬರುವುದು. ಬೆಳಿಗ್ಗೆ ಏಳಕ್ಕೆ ಎದೆ ಹಿಂಡಿತು. ಮೇಷ್ಟ್ರು ಓಂಕಾಳಿನ ನೀರು ಕುಡಿದರು. ಎಂಟಕ್ಕೆ ಎಡಗೈ ಸೆಳೆಯಿತು. ನಿಂಬೆಹಣ್ಣು ಹಿಂಡಿದ ಸೋಡಾ ಕುಡಿದರು. ಒಂಬತ್ತಕ್ಕೆ ಮೈಯೆಲ್ಲ ಬೆವರಿತು. "ಒಂದು ತೇಗು ಬಂದ್ರೆ ಎಲ್ಲಾ ಸರಿಹೋಗುತ್ತೆ" ಎಂದು ತೇಗಿಗಾಗಿ ಕಾಯುತ್ತ ಕೂತರು. ಹತ್ತು ಗಂಟೆಗೆ ಹೆಂಡತಿ ಸರ್ವಮಂಗಳ ಆಟೋ ಕರೆಸುವಷ್ಟರಲ್ಲಿ ಹೃದಯದ ಸ್ನಾಯುವಿನಲ್ಲಿ ಒಂದು ವೀಳ್ಯದೆಲೆಯಷ್ಟು ಭಾಗ ಕೆಲಸಕ್ಕೆ ರಾಜೀನಾಮೆ ಕೊಟ್ಟಿತ್ತು.

ಮೈಸೂರಿನ ದೊಡ್ಡಾಸ್ಪತ್ರೆಯೊಂದರಲ್ಲಿ ಆ ಖಾಲಿ ಹುದ್ದೆಯನ್ನು ಭರ್ತಿ ಮಾಡಿದರು. ಮೇಷ್ಟ್ರ ತೊಡೆಯ ಚರ್ಮದಿಂದಲೇ ಜೀವಕೋಶ ತೆಗೆದು, ಅವಕ್ಕೆ ಹೃದಯದ ಕೋಶಗಳಾಗುವ ಪಾಠ ಹೇಳಿ, ಸೀರೆಯಾಗಬೇಕಿದ್ದ ರೇಷ್ಮೆಯ ಜಾಲರಿಯ ಮೇಲೆ ಬೆಳೆಸಿ, ಆ ಎಲೆಯನ್ನು ಸತ್ತ ಜಾಗಕ್ಕೆ ಅಂಟಿಸಿದರು. ಎದೆಪಟ್ಟಿ ಎಂದು ಅದರ ಹೆಸರು. ಅಂಟಿಸುವುದು ಸುಲಭ. ಹಳೇ ಹೃದಯದ ಜೊತೆ ತಾಳ ಹಿಡಿದು ಬಡಿಯುವುದನ್ನು ಪಟ್ಟಿ ತಾನೇ ಕಲಿಯಬೇಕು. ಮಿದುಳಿನಿಂದ ಎದೆಗೆ ಇಳಿದು ಬರುವ ಒಂದು ನರ ಇದೆ. ಮನಸ್ಸು ಹಗುರಾಗಿದ್ದಾಗ ಆ ನರ ಹೃದಯದ ಬೆನ್ನು ತಟ್ಟುತ್ತದೆ. ಪಟ್ಟಿ ಪಾಠ ಕಲಿಯುವುದು ಆ ಹೊತ್ತಿನಲ್ಲಿ ಮಾತ್ರ.

"ನಲವತ್ತೆಂಟು ದಿನ" ಎಂದರು ಡಾಕ್ಟರ್ ಬೋಪಯ್ಯ. "ಅಷ್ಟರಲ್ಲಿ ಹೊಂದಿಕೆ ನೂರಕ್ಕೆ ಅರವತ್ತು ದಾಟಬೇಕು. ದಾಟದಿದ್ರೆ ಪಟ್ಟಿ ಕೊಳೆಯೋಕೆ ಶುರುವಾಗುತ್ತೆ. ಮತ್ತೆ ಎದೆ ತೆರೆದು ತೆಗೀಬೇಕು."

"ಎಪ್ಪತ್ನಾಲ್ಕು ವಯಸ್ಸು ಇವರಿಗೆ" ಎಂದರು ಸರ್ವಮಂಗಳ.

"ಅದಕ್ಕೇ ತೆಗೆಯೋ ಹಾಗೆ ಆಗಬಾರದು ಅಂತಿರೋದು. ಎರಡನೇ ಸಲ ತಡ್ಕೊಳ್ತಾರೆ ಅಂತ ನಾನು ಮಾತು ಕೊಡಲಾರೆ. ಮಾತ್ರೆ ತಪ್ಪಿಸಬೇಡಿ, ದಿನಾ ನಡೀರಿ, ಉಪ್ಪು ಕಡಿಮೆ ಮಾಡಿ, ಎಡಗೈಲಿ ಏನನ್ನೂ ಎಳೀಬೇಡಿ. ಎಲ್ಲಕ್ಕಿಂತ ಮುಖ್ಯ, ಖುಷಿಯಾಗಿರಿ."

ನಲವತ್ತೆಂಟು ದಿನ ಎಂದರೆ ಒಂದು ಮಂಡಲ. ವ್ರತಕ್ಕೆ ಸರ್ವಮಂಗಳ ಹೆದರುವವರಲ್ಲ. ಆದರೆ ಖುಷಿಯ ವ್ರತ ಅವರಿಗೂ ಹೊಸದು.

ಖುಷಿಯಾಗಿದ್ದಾರೋ ಇಲ್ಲವೋ ಎಂದು ನೋಡಲು ಆಸ್ಪತ್ರೆಯವರು ಮೇಷ್ಟ್ರ ಕಿವಿಯ ಹಿಂದೆ ಹೆಸರುಕಾಳಿನಷ್ಟು ದೊಡ್ಡ ಒಂದು ಮಣಿ ಅಂಟಿಸಿ ಕಳಿಸಿದರು. ಮಣಿ ಮಾತು ಕೇಳಿಸಿಕೊಳ್ಳುತ್ತದೆ, ಬೆವರು ಮೂಸುತ್ತದೆ, ಉಸಿರು ಎಣಿಸುತ್ತದೆ. ಎಲ್ಲ ಸೇರಿಸಿ ನೂರಕ್ಕೆ ಇಷ್ಟು ಎಂದು ಹುರುಪಂಕ ಹೇಳುತ್ತದೆ. ಹುರುಪಿಗೆ ಅಂಕ ಸೇರಿಸಿ ಈ ಹೆಸರು ಕಟ್ಟಿದವರಿಗೆ, ಪಂಕ ಎಂದರೆ ಕೆಸರು ಎಂದು ಹೊಳೆದಿರಲಿಲ್ಲ. ಎಪ್ಪತ್ತರ ಮೇಲೆ ಹಸಿರು, ಐವತ್ತರ ಕೆಳಗೆ ಕೆಂಪು. ಕೆಂಪಾದರೆ ಮಣಿ ಬಾಯಿ ಬಿಡುತ್ತದೆ: "ನಗೋಣವೇ, ಷಡಕ್ಷರಪ್ಪನವರೇ? ನಾಳೆ ಎಂಬುದು ಎಷ್ಟು ಸುಂದರ!" ಇಪ್ಪತ್ತೈದಕ್ಕಿಂತ ಕೆಳಗೆ ಹತ್ತು ನಿಮಿಷ ಉಳಿದರೆ ತಾಲ್ಲೂಕು ಆಸ್ಪತ್ರೆಯಿಂದ ಆಂಬುಲೆನ್ಸೇ ಹೊರಡುತ್ತದೆ.

ಜೊತೆಗೆ ಕೊಟ್ಟ ಪುಸ್ತಿಕೆಯಲ್ಲಿ ಎಚ್ಚರಿಕೆಗಳಿದ್ದವು. ನಿಟ್ಟುಸಿರು ಬಿಡಬಾರದು. ಅಳಬಾರದು, ಬೇರೆಯವರು ಎದುರಿಗೆ ಅಳಲೂಬಾರದು. 'ಆಗಿನ ಕಾಲದಲ್ಲಿ' ಎಂದು ಮಾತು ಶುರು ಮಾಡಬಾರದು. ಹಳೆಯ ವಸ್ತುಗಳನ್ನು ಕಣ್ಣಿಗೆ ಬೀಳದಂತೆ ಇಡಬೇಕು.

ಮೇಷ್ಟ್ರ ಮನೆಯಲ್ಲಿ ಹಳೆಯದಲ್ಲದ್ದು ಹಾಲಿನ ಪ್ಯಾಕೆಟ್ ಒಂದೇ. ಬಸ್ ಸ್ಟ್ಯಾಂಡ್ ಎದುರಿನ ಮಹಡಿಯ ಮೇಲೆ ಮೂವತ್ತು ವರ್ಷ ನಡೆದ ಅವರ ಇನ್‌ಸ್ಟಿಟ್ಯೂಟು ಮುಚ್ಚಿದಾಗ, ಹದಿನೆಂಟು ಟೈಪ್‌ರೈಟರುಗಳು ರೆಕ್ಸಿನ್ ಹೊದಿಕೆ ಹೊದ್ದು ಮನೆಯ ಹಿಂದಿನ ಕೋಣೆಗೆ ಬಂದಿದ್ದವು. ತಿಪಟೂರಿನಲ್ಲಿ ಟೀಚರಾಗಿದ್ದ ಮಗಳು ಭಾನುವಾರ ಬಂದು, ಬ್ಯಾಚ್ ಫೋಟೋಗಳನ್ನೆಲ್ಲ ಗೋಡೆಯಿಂದ ಇಳಿಸಿ ಅಟ್ಟಕ್ಕೆ ಹಾಕಿದಳು. ಮೆಷಿನ್‌ಗಳನ್ನು ಮೆಕ್ಯಾನಿಕ್ ಖಲೀಲ್ ಸಾಬರು ಲಗೇಜ್ ಆಟೋದಲ್ಲಿ ತಮ್ಮ ಶೆಡ್ಡಿಗೆ ಸಾಗಿಸಿದರು. ಪ್ರತಿ ಆಯುಧಪೂಜೆಗೂ ಅವರೇ ಬಂದು ಎಣ್ಣೆ ಬಿಟ್ಟು ಹೋಗುತ್ತಿದ್ದ ಮೆಷಿನ್‌ಗಳು ಅವು. "ಡಿಸ್ಚಾರ್ಜ್ ಆಗೋವರೆಗೂ ಇವು ನನ್ನ ವಾರ್ಡಲ್ಲಿ ಇರ್ತವೆ ಬಿಡಿ ಅಕ್ಕಾ" ಎಂದರು.

ಗೋಡೆಗಳ ಮೇಲೆ ಫೋಟೋ ಇದ್ದಲ್ಲೆಲ್ಲ ಬಿಳಿಯ ಚೌಕಗಳು ಉಳಿದವು. ಮೇಷ್ಟ್ರು ಅವನ್ನೇ ನೋಡುತ್ತ ಮಲಗಿರುತ್ತಿದ್ದರು.

ನೋಡಲು ಬರುವವರದು ಇನ್ನೊಂದು ಕಥೆ. ನಮ್ಮಲ್ಲಿ ಹೃದಯಾಘಾತವಾದವರನ್ನು ನೋಡಲು ಹೋಗುವಾಗ ಮೂಸಂಬಿಯ ಜೊತೆ ಒಂದು ಸಾವಿನ ಸುದ್ದಿಯನ್ನೂ ಕೊಂಡೊಯ್ಯುವ ಪದ್ಧತಿಯಿದೆ.

"ನಮ್ಮ ಷಡ್ಡಕನೂ ಹಿಂಗೇ ಮೇಷ್ಟ್ರೇ" ಎಂದು ಮೊಳೆ ಅಂಗಡಿಯ ಮರುಳಸಿದ್ದಪ್ಪ ಕುರ್ಚಿ ಎಳೆದುಕೊಂಡರು. "ಆಪರೇಷನ್ ಬಹಳ ಚೆನ್ನಾಗಾಯ್ತು. ಮನೇಗೆ ಬಂದ. ಎರಡು ಇಡ್ಲಿ ತಿಂದ. ಇನ್ನೊಂದು ಹಾಕು ಅಂದ. ಹಾಕೋಷ್ಟರಲ್ಲಿ..."

"ನಗೋಣವೇ?" ಎಂದಿತು ಮಣಿ.

ಮರುಳಸಿದ್ದಪ್ಪ ಬೆಚ್ಚಿ ಎದ್ದುನಿಂತರು. "ಯಾರದು?"

"ಕಿವಿ ಹಿಂದಿನೋರು" ಎಂದರು ಮೇಷ್ಟ್ರು. "ಮೂರನೇ ಇಡ್ಲಿ ವಿಷಯ ಅವರಿಗೆ ಹಿಡಿಸಲಿಲ್ಲ."

ಮೊದಲ ವಾರ ಮೇಷ್ಟ್ರ ಅಂಕ ನಲವತ್ತು ದಾಟಲಿಲ್ಲ. ಆಮೇಲೆ ಅವರಿಗೆ ಇದು ಪರೀಕ್ಷೆ ಎಂಬುದು ಹೊಳೆಯಿತು. ಪರೀಕ್ಷೆ ಎಂದಮೇಲೆ ಅಭ್ಯಾಸ ಮಾಡಿದರೆ ಪಾಸಾಗಲೇಬೇಕು. ಮೂವತ್ತು ವರ್ಷ ಅವರು ಊರಿಗೆಲ್ಲ ಕಲಿಸಿದ್ದೇ ಅದನ್ನು. ಬೆಳಿಗ್ಗೆ ಎದ್ದು ಹತ್ತು ಸಾಲು ನಕ್ಕರು: ಹ ಹ ಹ ಹ ಹ ಹ. ಒಂದು ನಗುವಿಗೂ ಇನ್ನೊಂದಕ್ಕೂ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ನಿಟ್ಟುಸಿರು ಬಂದರೆ ಕೆಮ್ಮಾಗಿ ತಿರುಗಿಸಿದರು. ಉಪ್ಪಿಲ್ಲದ ಸಾರು ಉಂಡು "ಆಹಾ" ಎಂದರು. ಸರ್ವಮಂಗಳ ಕೂಡ ಕಣ್ಣು ತುಂಬಿದಾಗೆಲ್ಲ "ಕರಿಬೇವು ತರ್ತೀನಿ" ಎಂದು ಮರುಳಸಿದ್ದಪ್ಪನವರ ಮನೆಗೆ ಹೋಗಿ, ಅವರ ಹಿತ್ತಿಲಲ್ಲಿ ಅತ್ತು, ಮುಖ ತೊಳೆದು, ನಗುತ್ತ ಬಂದರು. ಕರಿಬೇವಿನ ಗಿಡ ಬೋಳಾಗುತ್ತ ಬಂತು. ಹೀಗೆ ಇಬ್ಬರೂ ಮಣಿಗೆ ಮಣಿದರು. ಇಪ್ಪತ್ತನೇ ದಿನಕ್ಕೆ ಹುರುಪಂಕ ಎಂಬತ್ತನಾಲ್ಕು.

"ಡಿಸ್ಟಿಂಕ್ಷನ್!" ಎಂದರು ಮೇಷ್ಟ್ರು. ಹ ಹ ಹ.

---

ಮೈಸೂರಿನ ನಿಗಾ ಕೋಣೆಯ ಗೋಡೆಯ ಮೇಲೆ ನಾನೂರು ಹೃದಯಗಳು ಮಿನುಗುತ್ತಿದ್ದವು. ಅವುಗಳಲ್ಲಿ ನಲವತ್ತು ಅಲ್ಲಿನ ತಂತ್ರಜ್ಞೆ ಇಂಚರಳ ಪಾಲಿನವು. ಒಂದೊಂದಕ್ಕೂ ಎರಡು ಅಂಕಿ: ಎಡಗಡೆ ಹುರುಪಂಕ, ಬಲಗಡೆ ಹೊಂದಿಕೆ. ಎಡಗಡೆಯದು ಏರಿದರೆ ಬಲಗಡೆಯದು ತಾನಾಗಿ ಏರುತ್ತದೆ ಎಂಬುದು ಎದೆಪಟ್ಟಿ ಯೋಜನೆಯ ನಂಬಿಕೆ.

ನಲವತ್ತನೇ ದಿನ ಅರಸೀಕೆರೆಯ ಹೃದಯದ ಎಡಗಡೆ ಎಂಬತ್ತೇಳು ಇತ್ತು. ಬಲಗಡೆ ಮೂವತ್ತೊಂದು.

"ಪಟ್ಟಿಯೇ ಸರಿಯಿಲ್ಲ" ಎಂದರು ಡಾಕ್ಟರ್ ಬೋಪಯ್ಯ. "ಮನುಷ್ಯ ಇಷ್ಟು ಖುಷಿಯಾಗಿದ್ದಾನೆ, ಇನ್ನೇನು ಮಾಡಬೇಕು? ಸರ್ಜರಿಗೆ ದಿನ ಹಾಕಿಬಿಡಿ."

"ಸರ್, ಒಂದು ವಿಷಯ" ಎಂದಳು ಇಂಚರ. "ದಿನಾ ಮಧ್ಯಾಹ್ನ ಮೂರೂ ಹತ್ತಕ್ಕೆ ಹೊಂದಿಕೆ ನಲವತ್ತೈದಕ್ಕೆ ಹೋಗುತ್ತೆ. ಆವಾಗ ಹುರುಪಂಕ ಬಿದ್ದುಹೋಗಿ ಕೆಂಪಾಗುತ್ತೆ. ಮಣಿ 'ನಗೋಣವೇ' ಅನ್ನುತ್ತೆ. ಇವರು ನಗ್ತಾರೆ. ಹೊಂದಿಕೆ ಮತ್ತೆ ಮೂವತ್ತಕ್ಕೆ ಬೀಳುತ್ತೆ."

"ಮೂರೂ ಹತ್ತಕ್ಕೆ ಏನು ಮಾಡ್ತಾರೆ?"

"ಅದೇ ಗೊತ್ತಾಗ್ತಿಲ್ಲ. ಟಕಟಕ ಅಂತ ಸದ್ದು ಬರುತ್ತೆ, ಅಷ್ಟೇ."

"ಎಂಟು ದಿನ ಇದೆ ನಿಮಗೆ. ಕಂಡುಹಿಡೀರಿ" ಎಂದು ಬೋಪಯ್ಯ ಮುಂದಿನ ಗೋಡೆಗೆ ಹೋದರು.

ಇಂಚರ ಸರ್ವಮಂಗಳರಿಗೆ ಫೋನ್ ಮಾಡಿದಳು. ಸರ್ವಮಂಗಳ ಅಭ್ಯಾಸಬಲದಿಂದ "ಕರಿಬೇವು ತರ್ತೀನಿ" ಎಂದು ಹೊರಗೆ ಬಂದು, ಮರುಳಸಿದ್ದಪ್ಪನವರ ಹಿತ್ತಿಲಲ್ಲಿ ನಿಂತು ಮಾತಾಡಿದರು.

"ಮೂರು ಗಂಟೆಗಾ? ಬಚ್ಚಲಿಗೆ ಹೋಗ್ತಾರಮ್ಮ. ಕಾಲು ಗಂಟೆ ಬರಲ್ಲ. ಮಾತ್ರೆಗೆ ಹೊಟ್ಟೆ ಕಟ್ಟುತ್ತೇನೋ ಅಂದ್ಕೊಂಡಿದ್ದೆ."

"ಒಂದು ಸದ್ದು ಕೇಳಿಸ್ತೀನಿ, ಏನು ಅಂತ ಹೇಳ್ತೀರಾ?"

ಬಕೆಟ್ಟನ್ನು ಬೋರಲು ಹಾಕಿ ಅದರ ತಳಕ್ಕೆ ಬೆರಳಿನಿಂದ ಬಡಿದಂಥ ಸದ್ದು. ಟಕ ಟಕ ಟಕ ಟಕ ಟಕ ಟಕ. ಒಂದು ಕ್ಷಣ ಬಿಡುವು. ಟಕ ಟಕ ಟಕ ಟಕ ಟಕ ಟಕ. ಹತ್ತು ಸಲ ಹೀಗೇ. ಆಮೇಲೆ ದೊಡ್ಡ ನಿಲುಗಡೆ, ಅದರಲ್ಲಿ ಒಂದು ಉದ್ದನೆಯ ನಿಟ್ಟುಸಿರು. ಮತ್ತೆ ಶುರು.

ಸರ್ವಮಂಗಳರ ಬೆರಳು ಹಿತ್ತಿಲ ಗೋಡೆಯ ಮೇಲೆ ತಾನಾಗಿ ಅದೇ ತಾಳ ಹಿಡಿಯಿತು.

"ಅಮ್ಮಾ, ಇದ್ದೀರಾ?"

"ಎ ಎಸ್ ಡಿ ಎಫ್ ಜಿ ಎಫ್" ಎಂದರು ಸರ್ವಮಂಗಳ. "ಆಮೇಲೆ ಬಲಗೈಯಲ್ಲಿ ಸೆಮಿಕೋಲನ್ ಎಲ್ ಕೆ ಜೆ ಎಚ್ ಜೆ. ಮೊದಲನೇ ಪಾಠ ಕಣಮ್ಮ ಅದು. ನಾನು ಎಂಬತ್ತೈದರ ಬ್ಯಾಚು. ಏಳನೇ ನಂಬರ್ ಮೆಷಿನ್ನು ನಂದು. ಇವರು ಮರದ ಸ್ಕೇಲಲ್ಲಿ ಟೇಬಲ್ ಕುಟ್ತಾ ತಾಳ ಹಾಕೋರು, ಹದಿನೆಂಟು ಮೆಷಿನ್ನೂ ಒಟ್ಟಿಗೆ ಹೊಡೆಯೋವು. ಕೆಳಗಡೆ ಬಸ್ಸಿಗೆ ಕಾಯೋರು ತಲೆ ಎತ್ತಿ ನೋಡೋರು."

"ಮಧ್ಯ ಮಧ್ಯ ನಿಲ್ಲೋದು ಯಾಕೆ?"

"ಸಾಲು ಮುಗಿದಾಗ ಕಾಗದ ಸುತ್ತಿರೋ ಕ್ಯಾರೇಜ್ ವಾಪಸ್ ಎಳೀಬೇಕಲ್ಲ. ಎಡಗೈಯಲ್ಲಿ." ಅವರು ಗಿಡದಲ್ಲಿ ಉಳಿದಿದ್ದ ಎಸಳೊಂದನ್ನು ಕಿತ್ತರು. "ಎಡಗೈ ಎಳೀಬಾರದು ಅಂದಿದ್ದೀರಿ. ಅದಕ್ಕೆ ಬರೀ ಆ ಹೊತ್ತು ಬಿಟ್ಟು ಸುಮ್ಮನೆ ಕೂತಿರ್ತಾರೆ. ಬಕೆಟ್ ಮುಂದೆ."

ಇಂಚರ ನಿಟ್ಟುಸಿರಿನ ಗೆರೆಯನ್ನು ಹಿಗ್ಗಿಸಿ ನೋಡಿದಳು. ಆ ಉದ್ದನೆಯ ಉಸಿರು ಹೊರಗೆ ಹೋಗುವಾಗಲೇ ಹೃದಯ ನಿಧಾನವಾಗಿ, ಪಟ್ಟಿ ಅದರ ಹೆಜ್ಜೆಗೆ ಹೆಜ್ಜೆ ಇಟ್ಟಿತ್ತು. ಮಣಿಗೆ ಪಾಠ ಹೇಳಿದವರೆಲ್ಲ ಇಪ್ಪತ್ತು ಮೂವತ್ತರ ಒಳಗಿನವರು. ಹಿಂದೆ ತಿರುಗಿ ನೋಡಲು ಅವರ ಹಿಂದೆ ಇನ್ನೂ ಏನೂ ಸೇರಿರಲಿಲ್ಲ. ಅವರ ಲೆಕ್ಕದಲ್ಲಿ ನಿಟ್ಟುಸಿರೆಂದರೆ ಸಂಕಟ. ಸಿಹಿ ನಿಟ್ಟುಸಿರು ಎಂಬುದೊಂದು ಇದೆ ಎಂದು ಮಣಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

"ಅಮ್ಮಾ, ಆ ಮೆಷಿನ್ ಎಲ್ಲಿದೆ?"

---

ಮರುದಿನ ಮಧ್ಯಾಹ್ನ ಮೂರಕ್ಕೆ ಖಲೀಲ್ ಸಾಬರು ಏಳನೇ ನಂಬರನ್ನು ಮಗುವಿನಂತೆ ಎದೆಗವಚಿಕೊಂಡು ಬಂದು ಊಟದ ಮೇಜಿನ ಮೇಲಿಟ್ಟರು. ರೆಕ್ಸಿನ್ ಹೊದಿಕೆ ತೆಗೆದರು. ಎಣ್ಣೆ, ಇಂಕು, ಹಳೇ ಕಾರ್ಬನ್ ಪೇಪರಿನ ವಾಸನೆ ಮನೆ ತುಂಬಿತು.

"ಹೊಸ ರಿಬ್ಬನ್ ಹಾಕಿದೀನಿ ಮೇಷ್ಟ್ರೇ. ಕೊನೇದು ನನ್ನ ಹತ್ರ ಇದ್ದಿದ್ದು."

ಮೇಷ್ಟ್ರು ಮಂಚದಿಂದ ಎದ್ದು ಬಂದರು. ಕೀಗಳ ಮೇಲೆ ಕೈಯಿಟ್ಟರು. ನಿಟ್ಟುಸಿರು ಬಂತು. ಗಾಬರಿಯಾಗಿ ಅದನ್ನು ಕೆಮ್ಮು ಮಾಡಿದರು.

"ಕೆಮ್ಮಬೇಡಿ. ನಿಟ್ಟುಸಿರೇ ಬಿಡಿ" ಎಂದರು ಸರ್ವಮಂಗಳ. "ಮೈಸೂರಿನ ಹುಡುಗಿ ಹೇಳಿದಾಳೆ. ಮಾರ್ಕ್ಸ್ ಹೋದ್ರೆ ಹೋಗ್ಲಿ ಅಂತ."

"ಮಾರ್ಕ್ಸ್ ಹೋದ್ರೆ ಮತ್ತೆ ಎದೆ ಕುಯ್ತಾರೆ ಕಣೇ!"

"ಮಾರ್ಕ್ಸ್ ಎಂಬತ್ತೇಳು ಬಂದಿದೆ, ಎದೆ ಮೂವತ್ತೊಂದರಲ್ಲೇ ಇದೆಯಂತೆ. ಹಿಂಗೇ ಇದ್ರೆ ಬರೋ ಬುಧವಾರ ಕುಯ್ತಾರೆ."

ಮೇಷ್ಟ್ರು ಕುರ್ಚಿಯಲ್ಲಿ ಕೂತರು. "ಹಂಗಾದ್ರೆ ಇಷ್ಟು ದಿನ ನಾನು ನಕ್ಕಿದ್ದು?" ಎಂದರು.

"ಕಾಪಿ ಹೊಡೆದಿದ್ದು" ಎಂದರು ಸರ್ವಮಂಗಳ. "ನನಗೆ ಗೊತ್ತಾಗ್ತಿತ್ತು. ಯಾವ ಗಂಡಸಾದ್ರೂ ಉಪ್ಪಿಲ್ಲದ ಸಾರಿಗೆ ಆಹಾ ಅಂತಾನಾ?"

"ನಿನಗೋಸ್ಕರ ಅಂದೆ."

"ನಾನೂ ನಿಮಗೋಸ್ಕರಾನೇ ನಕ್ಕೆ. ಮರುಳಸಿದ್ದಪ್ಪನವರ ಹಿತ್ತಿಲಲ್ಲಿ ಕರಿಬೇವಿನ ಗಿಡ ಬೋಳಾಗಿದೆ ಹೋಗಿ ನೋಡಿ."

ಖಲೀಲ್ ಸಾಬರು ಮೆಲ್ಲಗೆ ಎದ್ದು, ಎಣ್ಣೆ ಡಬ್ಬಿ ಮರೆತವರಂತೆ ಆಟೋ ಕಡೆ ನಡೆದರು.

ಮೇಷ್ಟ್ರು ಎಡಗೈಯನ್ನು ನೋಡಿಕೊಂಡರು. "ಮಂಗಳಾ, ಹೆದರಿಕೆ ಆಗುತ್ತೆ ಕಣೇ. ಈ ಎದೇಲಿ ಏನಾದ್ರೂ ಚುರ್ ಅಂದ್ರೆ ಸಾಕು, ಮುಗೀತು ಅನ್ಸುತ್ತೆ. ಆವತ್ತು ಓಂಕಾಳು ನೀರು ಕುಡಿದೆನಲ್ಲ, ಆವಾಗಲೇ ಸಾಲು ಮುಗಿಯೋ ಬೆಲ್ ಆಗಿತ್ತು. ನನಗೆ ಕೇಳಿಸಲಿಲ್ಲ."

ನಲವತ್ತೊಂದು ದಿನದಲ್ಲಿ ಅವರು ಬಾಯಿಬಿಟ್ಟು ಹೇಳಿದ ಮೊದಲ ನಿಜ ಇದು. ಸರ್ವಮಂಗಳ ಅಲ್ಲೇ, ಅವರ ಎದುರಿಗೇ, ಸೆರಗು ಕೂಡ ಅಡ್ಡ ಹಿಡಿಯದೆ ಅತ್ತರು. ಮೇಷ್ಟ್ರೂ ಅತ್ತರು.

"ನಗೋಣವೇ?" ಎಂದಿತು ಮಣಿ.

"ನೀನು ಸುಮ್ಮನಿರು!" ಎಂದರು ಇಬ್ಬರೂ ಒಟ್ಟಿಗೆ.

ನಿಗಾ ಕೋಣೆಯಲ್ಲಿ ಅರಸೀಕೆರೆಯ ದೀಪ ಕೆಂಪಾಗಿ ಮಿಟುಕತೊಡಗಿತು. ಹುರುಪಂಕ ಇಪ್ಪತ್ತೆರಡು. ಹತ್ತೊಂಬತ್ತು. ಹದಿನಾಲ್ಕು. ಆಂಬುಲೆನ್ಸಿನ ಗಡಿಯಾರ ಹತ್ತು ನಿಮಿಷದಿಂದ ಕೆಳಗೆ ಎಣಿಸಲು ಶುರು ಮಾಡಿತು. ಅದನ್ನು ತಡೆಯಬೇಕಾದರೆ ಇಂಚರ ತನ್ನ ಹೆಬ್ಬೆಟ್ಟನ್ನು ಗಾಜಿನ ಮೇಲೆ ಒತ್ತಿ ಹಿಡಿಯಬೇಕು. ಒತ್ತಿದರೆ, ಮುಂದೆ ಏನಾದರೂ ಹೊಣೆ ಅವಳದೇ. ಒತ್ತಿದಳು.

"ಇಂಚರ!" ಬೋಪಯ್ಯ ಓಡಿಬಂದರು. "ಹದಿನಾಲ್ಕು! ಆಂಬುಲೆನ್ಸ್ ಕಳಿಸಿ!"

"ಸರ್, ಎಡಗಡೆ ನೋಡಬೇಡಿ. ಬಡಿತ ನೋಡಿ, ನೆಟ್ಟಗಿದೆ. ರಕ್ತದೊತ್ತಡ ನೆಟ್ಟಗಿದೆ. ಈಗ ಬಲಗಡೆ ನೋಡಿ."

ಬಲಗಡೆ ಮೂವತ್ತೆಂಟು. ನೋಡನೋಡುತ್ತ ನಲವತ್ತು.

"ಅವರು ಅಳ್ತಿದ್ದಾರಲ್ರೀ!"

"ಹೌದು ಸರ್. ಚೆನ್ನಾಗಿ ಅಳ್ತಿದ್ದಾರೆ."

ಅರಸೀಕೆರೆಯಲ್ಲಿ ಸರ್ವಮಂಗಳ ಮೂಗು ಒರೆಸಿಕೊಂಡು, ಹಾಳೆಯೊಂದನ್ನು ರೋಲರಿಗೆ ಸಿಕ್ಕಿಸಿ, ಕುರ್ಚಿ ಎಳೆದುಕೊಂಡು ಮೇಷ್ಟ್ರ ಎಡಕ್ಕೆ ಕೂತರು. "ಹೂಂ, ಹೊಡೀರಿ. ಎಳೆಯೋದು ನಾನು ಎಳೀತೀನಿ."

ಮೇಷ್ಟ್ರು ಶುರು ಮಾಡಿದರು. ಬಕೆಟ್ಟಿನ ಟಕಟಕ ಅಲ್ಲ ಅದು. ಕಬ್ಬಿಣ ಕಾಗದವನ್ನು ಮುಟ್ಟುವ, ಗೋಡೆಯ ಬಿಳಿ ಚೌಕಗಳಿಗೆ ತಾಗಿ ಮರಳುವ ಸದ್ದು. ಸಾಲಿನ ಕೊನೆ ಹತ್ತಿರ ಬಂದಾಗ ಟಿಣ್ ಎಂದು ಬೆಲ್ಲಾಯಿತು. ಏಳನೇ ನಂಬರಿನ ಬೆಲ್ಲು ಎಂಬತ್ತೈದರಲ್ಲೂ ಹೀಗೇ, ನೆಗಡಿಯಾದವರಂತೆ ಮೂಗಿನಲ್ಲಿ ಟಿಣ್ ಎನ್ನುತ್ತಿತ್ತು. ಮೇಷ್ಟ್ರು ಕೀಗಳಿಂದ ಥಟ್ಟನೆ ಕೈ ತೆಗೆದುಬಿಟ್ಟರು.

"ಯಾಕೆ ತೆಗೆದ್ರಿ?" ಎಂದರು ಸರ್ವಮಂಗಳ.

"ಬೆಲ್ಲಾಯ್ತಲ್ಲ."

"ಆವಾಗ ನಾನೂ ಹಿಂಗೇ ಕೈ ತೆಗೀತಿದ್ದೆ. ಬೆಲ್ಲಾದ ಕೂಡಲೇ ಸಾಲು ಮುಗೀತು ಅಂತ. ನೀವು ಸ್ಕೇಲ್ ಹಿಡ್ಕೊಂಡು ಬಂದು ಏನಂದ್ರಿ? ಕ್ಲಾಸಲ್ಲಿ ಅಷ್ಟು ಜನದ ಮುಂದೆ?"

ಮೇಷ್ಟ್ರ ಮುಖದಲ್ಲಿ ಏನೋ ಒಂದು ಸಡಿಲವಾಯಿತು. "ಬೆಲ್ಲು ಇರೋದು ನಿಲ್ಲಿಸೋಕಲ್ಲ, ಹುಷಾರು ಮಾಡೋಕೆ. ಇನ್ನೂ ಏಳು ಅಕ್ಷರಕ್ಕೆ ಜಾಗ ಇದೆ. ಪದ ಮುಗಿಸು, ಆಮೇಲೆ ಕ್ಯಾರೇಜ್ ಎಳಿ, ಹೊಸ ಸಾಲು ಹಿಡಿ."

"ಅಷ್ಟೇ ಅಂದ್ರಾ?"

"ಇನ್ನೇನಂದೆ?"

"ನಾಳೆಯಿಂದ ಅರ್ಧ ಗಂಟೆ ಮುಂಚೆ ಬಾ, ನಿನಗೆ ಅಭ್ಯಾಸ ಸಾಲದು ಅಂದ್ರಿ. ನನಗೆ ನಿಮಿಷಕ್ಕೆ ನಲವತ್ತು ಪದ ಆಗಲೇ ಬರ್ತಿತ್ತು ಕಣ್ರೀ."

ಮೇಷ್ಟ್ರು ನಕ್ಕರು. ಹ ಹ ಹ ಅಲ್ಲ. ಮೂಗು, ಗಂಟಲು, ಕಣ್ಣು ಎಲ್ಲ ಬೇರೆ ಬೇರೆ ದಿಕ್ಕಿಗೆ ಹೋಗುವ, ನಡುವೆ ಗೊರಕೆಯಂಥ ಸದ್ದು ಸೇರಿಕೊಳ್ಳುವ, ಪರೀಕ್ಷೆಯಲ್ಲಿ ಫೇಲಾಗುವಂಥ ನಗು. ಅದು ಮುಗಿಯುತ್ತ ಒಂದು ಉದ್ದನೆಯ ನಿಟ್ಟುಸಿರಾಯಿತು. ಆಮೇಲೆ ಬೆರಳು ಕೀಗಳಿಗೆ ಮರಳಿತು. ಪದ ಮುಗಿಯಿತು. ಸರ್ವಮಂಗಳ ಕ್ಯಾರೇಜ್ ಎಳೆದರು: ಸರ್ರ್.

ಮೈಸೂರಿನಲ್ಲಿ ಹುರುಪಂಕ ಹನ್ನೊಂದು. ಹೊಂದಿಕೆ ಐವತ್ತಮೂರು.

ಬೋಪಯ್ಯ ಪಕ್ಕದ ಕುರ್ಚಿ ಎಳೆದುಕೊಂಡು ಕೂತರು. "ಹೆಬ್ಬೆಟ್ಟು ನೋಯುತ್ತಾ?" ಎಂದರು.

"ಸ್ವಲ್ಪ ಸರ್."

"ಸ್ವಲ್ಪ ಆಚೆ ಸರೀರಿ" ಎಂದು ತಮ್ಮ ಹೆಬ್ಬೆಟ್ಟನ್ನು ಗಾಜಿನ ಮೇಲಿಟ್ಟರು.

---

ಮುಂದಿನ ಏಳು ದಿನ ಅಟ್ಟದಿಂದ ಫೋಟೋಗಳು ಇಳಿದವು, ಶೆಡ್ಡಿನಿಂದ ಮೆಷಿನ್‌ಗಳು ಬಂದವು. ಹೆದರಿಕೆ ಆದಾಗ ಮೇಷ್ಟ್ರು "ಹೆದರಿಕೆ ಆಗ್ತಿದೆ" ಎಂದರು. ಸಾರಿಗೆ "ಥೂ" ಎಂದರು, ಆದರೂ ಉಂಡರು. ಮಾತ್ರೆ ನುಂಗಿದರು. ಸಂಜೆ ಸ್ಟೇಷನ್ನಿನವರೆಗೆ ನಡೆದು, ಯಾವ ಬೋರ್ಡಿನಲ್ಲಿ ಯಾವ ಕಾಗುಣಿತ ತಪ್ಪಿದೆ ಎಂದು ಬೈಯುತ್ತ ಬಂದರು. ಮರುಳಸಿದ್ದಪ್ಪನವರ ಷಡ್ಡಕನ ಕಥೆಯನ್ನು ಪೂರ್ತಿ ಕೇಳಿದರು. ಆತ ಸತ್ತಿರಲೇ ಇಲ್ಲ. ಮೂರನೇ ಇಡ್ಲಿ ಹಾಕುವಷ್ಟರಲ್ಲಿ ಚಟ್ನಿ ಮುಗಿದಿತ್ತು, ಅಷ್ಟೇ.

ನಲವತ್ತೆಂಟನೇ ದಿನ ಹೊಂದಿಕೆ ಅರವತ್ತೆಂಟು. ಎದೆ ತೆರೆಯಬೇಕಾಗಲಿಲ್ಲ. ಇಂಚರ ತಾನೇ ರೈಲಿನಲ್ಲಿ ಬಂದು ಮಣಿ ಕಿತ್ತಳು. ಮೈಸೂರಿನಲ್ಲಿ ಸಮಿತಿಯೊಂದು ಕೂತು ನಿಟ್ಟುಸಿರುಗಳಲ್ಲಿ ಹನ್ನೊಂದು ಬಗೆ ಗುರುತಿಸಿತು. ಪುಸ್ತಿಕೆಯ ಹೊಸ ಆವೃತ್ತಿಯಲ್ಲಿ 'ಅಳುವುದು ಐಚ್ಛಿಕ' ಎಂದು ಅಚ್ಚಾಯಿತು.

ಅದಾಗಿ ಎಷ್ಟೋ ದಿನಗಳ ಮೇಲೆ ಒಂದು ಸಂಜೆ ಮೇಷ್ಟ್ರು ಇಂಚರಳಿಗೆ ಕಾಗದ ಟೈಪು ಮಾಡುತ್ತಿದ್ದರು. ಎಡಗೈ ಈಗ ಎಳೆಯಬಹುದು ಎಂದು ಬೋಪಯ್ಯ ಆಗಲೇ ಹೇಳಿದ್ದರು. ಆ ವಿಷಯವನ್ನು ಮೇಷ್ಟ್ರು ಮನೆಯಲ್ಲಿ ಇನ್ನೂ ಹೇಳಿರಲಿಲ್ಲ. ಟಿಣ್ ಎಂದು ಬೆಲ್ಲಾಯಿತು. ಎಡಗಡೆಯ ಕುರ್ಚಿ ಖಾಲಿ.

"ಮಂಗಳಾ, ಬೆಲ್ಲಾಯ್ತು!"

"ಕೇಳಿಸ್ತು ಕಣ್ರೀ!" ಅಡುಗೆಮನೆಯಿಂದ ಕೂಗು ಬಂತು. "ಒಲೆ ಮೇಲೆ ಹಾಲಿದೆ. ಇನ್ನೂ ಏಳು ಅಕ್ಷರ ಇದೆಯಲ್ಲ, ನಿಧಾನಕ್ಕೆ ಹೊಡೀತಾ ಇರಿ. ಬಂದೆ."